ಹುಲಿಯ ಮುಖವಾಡ

ಗೋಧಿಯ ಒಂದು ಚೂರು ಹೊಟ್ಟೆಗೆ ಹೋದರೂ ಮಗಳ ಕರುಳು ಕೆಡುತ್ತದೆ ಎಂದು ಡಾಕ್ಟರು ಹೇಳಿದ ದಿನವೇ ಪೋಸ್ಟರಣ್ಣ ಅಡುಗೆಮನೆಯ ಗೋಧಿ, ಮೈದಾ ಡಬ್ಬಗಳನ್ನೆಲ್ಲ ಆಚೆ ಎಸೆದಿದ್ದ. ಊರ ಗೋಡೆಗಳಿಗೆ ಪೋಸ್ಟರ್ ಅಂಟಿಸುವುದು ಅವನ ಕಸುಬು. ಸಿಟ್ಟು ಮಾತ್ರ ಸದಾ ಮೂಗಿನ ತುದಿಯಲ್ಲೇ.

ಈಗ ಮಗಳು ಮತ್ತೆ ಮುದುಡಿ ಮಲಗಿದ್ದಳು. ಹೊಟ್ಟೆ ಉಬ್ಬಿ ಬಿಗಿದಿತ್ತು, ಕುಡಿಸಿದ ನೀರೂ ನಿಲ್ಲುತ್ತಿರಲಿಲ್ಲ. ಶಾಲೆಯ ನಾಟಕದಲ್ಲಿ ಹುಲಿಯಾಗಿ ಕುಣಿದು ಬಂದಾಗಿನಿಂದ ಇದೇ ಪಾಡು.

"ನಿಜ ಹೇಳು, ಯಾರು ಏನು ಕೊಟ್ರು?"

"ಏನೂ ತಿಂದಿಲ್ಲಪ್ಪಾ."

"ಸುಳ್ಳು ಬೇರೆ!"

ಅವನ ತಾಯಿ ಅಡ್ಡ ಬಂದಳು. "ಮಗು ಮೇಲೆ ಯಾಕೋ ಹಾರಾಡ್ತೀಯ?"

"ನೀನೇ ಕದ್ದು ತಿನ್ನಿಸಿರ್ತೀಯ, ಬಿಡಮ್ಮಾ!"

ಅವಳು ಹೊರಗೆ ಹೋಗಿ ಜಗಲಿಯ ಮೇಲೆ ಕೂತಳು.

ಹಾಸಿಗೆಯ ಪಕ್ಕ ಮುಖವಾಡ ಬಿದ್ದಿತ್ತು. ಹಳೆ ಪೋಸ್ಟರುಗಳನ್ನು ಪದರ ಪದರವಾಗಿ ಅಂಟಿಸಿ ಅವನೇ ಮಾಡಿಕೊಟ್ಟಿದ್ದ ಹುಲಿ. ಕೈಗೆತ್ತಿಕೊಂಡು ನೋಡಿದರೆ ಬಾಯಿಯ ಅಂಚು ಎಂಜಲಿಗೆ ನೆನೆದು ಮೆತ್ತಗಾಗಿತ್ತು. ಅದರ ಮೇಲೆ ಪುಟ್ಟ ಹಲ್ಲುಗಳ ಗುರುತು.

"ಜಾರ್ತಾ ಇತ್ತಪ್ಪಾ," ಎಂದಳು ಮಗಳು. "ನೀನು ಮಾಡಿದ್ದಲ್ವಾ, ಬಿದ್ದು ಹರಿದ್ಹೋಗ್ಬಾರ್ದು ಅಂತ ಕಚ್ಚಿ ಹಿಡ್ಕೊಂಡಿದ್ದೆ."

ಅವನ ಅಂಟೆಂದರೆ ನೀರಿನಲ್ಲಿ ಕುದಿಸಿದ ಮೈದಾ. ಮನೆಯ ಡಬ್ಬಗಳನ್ನೆಲ್ಲ ಜಾಲಾಡಿದವನಿಗೆ ತನ್ನ ಅಂಟಿನ ಬಕೆಟ್ಟು ಕಂಡಿರಲಿಲ್ಲ.

ಮಗಳಿಗೆ ಮತ್ತೆ ವಾಂತಿ ಉಕ್ಕಿ ಬಂತು. ಹಣೆ ಹಿಡಿಯಲು ಕೈ ಚಾಚಿದ. ಬೆಳಗಿನ ಅಂಟು ಉಗುರಿನ ಸಂದಿಗಳಲ್ಲಿ ಬೆಳ್ಳಗೆ ಒಣಗಿತ್ತು. ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು ಬಾಗಿಲ ಕಡೆ ಕೂಗಿದ:

"ಅಮ್ಮಾ, ನೀನೇ ಬಂದು ಹಿಡ್ಕೊಳಮ್ಮಾ."