ಮುರಿದ ಚಿಪ್ಪಿನ ಚಿತ್ರ

ಮುಸವ್ವಿರನ ಶವ ಹೊತ್ತ ಜನಾಜಾ ಮಸೀದಿಯ ತಿರುವಿಗೆ ಬಂದಾಗ, ಹೆಗಲು ಬದಲಾಯಿಸುತ್ತಿದ್ದವರ ನಡುವೆ ರೇಣುಕಾಪ್ರಸಾದರು ನುಗ್ಗಿ ಹೆಗಲು ಕೊಟ್ಟರು. ಎಪ್ಪತ್ತೆಂಟು ವಯಸ್ಸು. ಸುದ್ದಿ ತಿಳಿದು ಬಾಳೆಹೊನ್ನೂರಿನಿಂದ ಕೊಪ್ಪದ ಬಸ್ಸು ಹತ್ತಿದ್ದರು.

"ಭಾರ ಆಗ್ತದೆ, ಬಿಡಿ ಸಾರ್," ಎಂದ ನೆರೆಮನೆಯ ಫಾಜಿಲ್.

ಅವರು ಬಿಡಲಿಲ್ಲ. ಯಾರೆಂದು ಕೇಳಿದವರಿಗೆ, ಒಂದೇ ಆಫೀಸಿನಲ್ಲಿದ್ದೆವು ಎಂದಷ್ಟೇ ಹೇಳಿದರು. ಕಳೆದ ವರ್ಷ ಮುಸವ್ವಿರ್ ನಾಲ್ಕು ಸಲ ಫೋನ್ ಮಾಡಿದ್ದನ್ನು, ತಾವು ಎತ್ತದೆ ಇದ್ದುದನ್ನು ಹೇಳಲಿಲ್ಲ.

*

ಮೂವತ್ತೈದು ವರ್ಷದ ಹಿಂದೆ, ದೂರದ ಕಲ್ಲಿದ್ದಲ ಸೀಮೆಯಲ್ಲಿ ರೇಣುಕಾಪ್ರಸಾದರು ಭೂವಿಜ್ಞಾನಿ. ಮುಸವ್ವಿರ್ ಅವರ ಚಿತ್ರಗಾರ. ಎಂದೋ ಸಿಹಿನೀರಿನಲ್ಲಿ ಬದುಕಿ ಕಲ್ಲಾಗಿಹೋದ ಕಪ್ಪೆಚಿಪ್ಪುಗಳನ್ನು ಲೆನ್ಸಿನಡಿ ಇಟ್ಟು ಬರೆಯುವುದು ಅವನ ಕೆಲಸ. ಚಿಪ್ಪಿನ ಜಾತಿ ತಿಳಿದರೆ ಬಂಡೆಯ ಕಾಲ ತಿಳಿಯುತ್ತಿತ್ತು. ಅದನ್ನು ಹಿಡಿದು ನೆಲದಡಿ ಕಲ್ಲಿದ್ದಲು ಇದ್ದೀತೇ ಎಂದು ಅಂದಾಜಿಸುತ್ತಿದ್ದರು. ಜಾತಿ ಗುರುತಿಸುವುದು ಎರಡು ಚಿಪ್ಪು ಸೇರುವ ಕೀಲಿನಿಂದ. ಆ ಸಲ ಸಿಕ್ಕಿದ ಚಿಪ್ಪಿನಲ್ಲಿ ಕೀಲೇ ಮುರಿದಿತ್ತು.

"ಉಳಿದದ್ದು ನೀನೇ ತುಂಬು ಮಾರಾಯ. ಹೇಗಿರ್ತದೆ ಅಂತ ನಂಗೊತ್ತು."

"ಕಾಣದ್ದನ್ನ ಹೇಗೆ ಬರೀಲಿ ಸಾರ್?"

"ನಾ ಹೇಳ್ತೀನಲ್ಲ."

ಮುಸವ್ವಿರ್ ಒಂದು ದಿನ ಪೆನ್ನು ಮುಟ್ಟಲಿಲ್ಲ. ಮರುದಿನ ಬರೆದ. ಚಿತ್ರ ರೇಣುಕಾಪ್ರಸಾದರ ವರದಿಯಲ್ಲಿ ಅಚ್ಚಾಯಿತು. ಅದನ್ನು ನಂಬಿ ಗಣಿಗಾಗಿ ನಲವತ್ತು ಮನೆಗಳ ಒಂದು ಊರನ್ನು ಒಕ್ಕಲೆಬ್ಬಿಸಿದರು. ಅಗೆದಲ್ಲಿ ಸಿಕ್ಕಿದ್ದು ಬರೀ ಮರಳುಗಲ್ಲು. ಅಷ್ಟರಲ್ಲಿ ರೇಣುಕಾಪ್ರಸಾದರು ಬಡ್ತಿ ಪಡೆದು ಬೇರೆಡೆಗೆ ಹೋಗಿದ್ದರು. ಆ ಊರಿನ ಒಡೆದ ಗೋಡೆಗಳ ನಡುವೆ ಇನ್ನೂ ಎರಡು ವರ್ಷ ಕೆಲಸ ಮಾಡಿದವನು ಮುಸವ್ವಿರ್.

*

ಮಣ್ಣು ಹಾಕಿ ಬಂದ ಮೇಲೆ ಮುಸವ್ವಿರನ ಮಗಳು ರುಬೀನಾ ರೇಣುಕಾಪ್ರಸಾದರನ್ನು ಒಳಗೆ ಕರೆದು ಕೂರಿಸಿದಳು. ಅವಳ ಅಬ್ಬಾ ಕೊನೆಯ ವಾರವೆಲ್ಲ ಯಾವುದೋ ಊರಿನ ಹೆಸರು ಹೇಳುತ್ತಿದ್ದರಂತೆ. ನಿಮ್ಮೊಂದಿಗೆ ಒಮ್ಮೆ ಅಲ್ಲಿಗೆ ಹೋಗಬೇಕೆಂದೇ ಫೋನ್ ಮಾಡಿದ್ದರು ಎಂದಳು.

"ಅಲ್ಲಿ ಯಾರಿದ್ದಾರೆ ಸಾರ್?"

"ಈಗ ಯಾರೂ ಇಲ್ಲಮ್ಮ."

ಆಮೇಲೆ ರೇಣುಕಾಪ್ರಸಾದರು ಎಲ್ಲವನ್ನೂ ಹೇಳಿದರು. ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ. ತಪ್ಪು ಅವನದ್ದಲ್ಲ, ತನ್ನದು ಎಂದು ಎರಡು ಸಲ ಹೇಳಿದರು.

ರುಬೀನಾ ಎದ್ದಳು. ಬೀರುವಿನಿಂದ ಅಬ್ಬಾ ಇಟ್ಟುಕೊಂಡಿದ್ದ ಹಳೆಯ ವರದಿಯೊಂದನ್ನು ತಂದು ಅವರ ಮುಂದಿಟ್ಟಳು. ಮುಟ್ಟಿ ಮುಟ್ಟಿ ಸವೆದಿದ್ದ ಪುಟ ತಾನೇ ತೆರೆದುಕೊಂಡಿತು. ಚಿತ್ರದ ಕೆಳಗೆ ಚಿತ್ರಗಾರನ ಹೆಸರಿದ್ದ ಜಾಗವನ್ನು ಬ್ಲೇಡಿನಿಂದ ಕೆರೆದೂ ಕೆರೆದೂ ಕಾಗದ ತೂತಾಗಿತ್ತು. ಪುಟದ ಮೇಲ್ತುದಿಯಲ್ಲಿ ದಪ್ಪ ಅಕ್ಷರದಲ್ಲಿದ್ದ ರೇಣುಕಾಪ್ರಸಾದರ ಹೆಸರಿನ ಮೇಲೆ ಒಂದು ಗೀರೂ ಇರಲಿಲ್ಲ.