ಎರಡು ಗಂಟಿನ ಬುತ್ತಿ

ಬೆಳಗಾವಿಯ ಬಾಡಿಗೆ ಕೋಣೆಯಿಂದ ಕಾಕತಿ ದಾಟಿ, ಗುಡ್ಡದ ಮೇಲಿನ ಎಂ.ಎ. ತರಗತಿಗೆ ಸೈಕಲ್ ತುಳಿದುಕೊಂಡು ಬರುತ್ತಿದ್ದವನು ಇಡೀ ವರ್ಗದಲ್ಲಿ ಒಬ್ಬನೇ, ಪಾರಿಶ್ವಾಡದ ಯಲ್ಲೇಶ. ಕುರಿ ಕಾಯುವ ಮನೆತನದಲ್ಲಿ ಅಷ್ಟು ಓದಿದವನೂ ಅವನೊಬ್ಬನೇ. ಸೈಕಲ್ ಅವನದಲ್ಲ, ತೀರಿಕೊಂಡ ಅಪ್ಪ ಮೈಲಾರಲಿಂಗನದು. ಕುರಿ ಸಂತೆಗಳಿಗೆ ಓಡಾಡಿ ಸವೆದ ಆ ಸೈಕಲ್ಲಿಗೆ ವಿದ್ಯೆಯ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ವಾರಕ್ಕೊಮ್ಮೆಯಾದರೂ ಏರಿನಲ್ಲಿ ಚೈನು ಕಳಚಿಕೊಂಡು ನಿಲ್ಲುತ್ತಿತ್ತು.

ಬಸ್ಸು ಇರಲಿಲ್ಲವೆಂದಲ್ಲ. ಹುಡುಗರ ಬಸ್ಸು ಎಂಟೂ ಮುಕ್ಕಾಲಿಗೇ ಹೊರಡುತ್ತಿತ್ತು. ಅವ್ವ ಕಾಡವ್ವ ಕಳಿಸುವ ಬುತ್ತಿ ಡಬ್ಬಿ ಹೊತ್ತ ಪಾರಿಶ್ವಾಡದ ಬಸ್ಸು ಖಾನಾಪುರದ ಮೇಲೆ ಹಾದು ಬೆಳಗಾವಿಯ ನಿಲ್ದಾಣಕ್ಕೆ ಬರುವಾಗ ಒಂಬತ್ತು. ಕಂಡಕ್ಟರ್ ಬಾಳಪ್ಪನ ಕೈಯಿಂದ ತುಂಬಿದ ಡಬ್ಬಿ ಇಸಿದುಕೊಂಡು, ಹಿಂದಿನ ದಿನದ ಖಾಲಿ ಡಬ್ಬಿಯನ್ನು ಅರಿವೆಯಲ್ಲಿ ಕಟ್ಟಿ ಅದೇ ಬಸ್ಸಿಗೆ ಮರಳಿ ಕೊಟ್ಟು, ಆಮೇಲೆ ಸೈಕಲ್ ಹತ್ತಬೇಕು.

ಆ ಅರಿವೆ ಕಾಡವ್ವನ ಹಳೆಯ ಸೀರೆಯ ತುಂಡು. ಆಕೆಗೆ ಓದು ಬರಹ ಬಾರದು. ಊರಲ್ಲಿ ಫೋನು ಇದ್ದದ್ದು ಒಂದು ಅಂಗಡಿಯಲ್ಲಿ, ಅಲ್ಲಿಗೆ ಆಕೆ ಕಾಲಿಡಳು.

“ಅಲ್ಲೆ ಮಾತಾಡಿದ್ರ ಕಟ್ಟಿ ಮ್ಯಾಲ ಕುಂತಾವ್ರೆಲ್ಲಾ ಕೇಳ್ತಾರ,” ಎಂದು ಮಗನನ್ನು ಮೊದಲ ಸಲ ಪಟ್ಟಣಕ್ಕೆ ಕಳಿಸುವಾಗ ಹೇಳಿದ್ದಳು. “ಒಂದು ಗಂಟು ಹಾಕಿದ್ರ ನಾವೆಲ್ಲಾ ಆರಾಮ ಅದೀವಿ ಅಂತ ತಿಳಕೋ. ಎರಡು ಗಂಟು ಇದ್ರ ಊರಿಗೆ ಬಾ ಅಂತ. ಬರೂದಿದ್ರ ನೀನೂ ಖಾಲಿ ಡಬ್ಬಿಗೆ ಎರಡು ಗಂಟು ಕಟ್ಟಿ ಕಳಸು.”

ವರ್ಷದಲ್ಲಿ ಒಂದೇ ಸಲ ಎರಡು ಗಂಟು ಬಂದಿತ್ತು, ತಂಗಿ ಕಾಂತಾಳನ್ನು ನೋಡಲು ಗಂಡಿನವರು ಬರುವುದಿದ್ದಾಗ. ಎರಡು ಗಂಟಿನ ಉತ್ತರ ಕಳಿಸಿ ಸಂಜೆಗೆಲ್ಲ ಅವನು ಊರಲ್ಲಿದ್ದ.

ಎರಡನೆಯ ವರ್ಷ ಅವನಿಗೆ ಸೈಕಲ್ ಭಾರವಾಯಿತು. ದಿನಾ ಕಾಲು ಗಂಟೆ ತಡ, ಅಂಗಿ ಬೆವರಿನಿಂದ ಬೆನ್ನಿಗಂಟಿರುತ್ತಿತ್ತು, ಹಿಂದಿನ ಬೆಂಚಿನ ಹುಡುಗಿಯರು ಬಾಯಿಗೆ ಕೈ ಹಿಡಿದು ನಗುತ್ತಿದ್ದರು. ಖರೇ ಹೇಳಬೇಕೆಂದರೆ ನಗುತ್ತಿದ್ದವಳು ಸಪ್ನಾ ಒಬ್ಬಳು. ಇಪ್ಪತ್ತೆರಡರ ಹರೆಯಕ್ಕೆ ಅಷ್ಟು ಸಾಕಲ್ಲ! ಒಂದು ಸೋಮವಾರ ಹೋಗಿ ಬಸ್ ಪಾಸು ಮಾಡಿಸಿಬಿಟ್ಟ.

ಕೋಣೆಯ ಜೊತೆಗಾರ ಸುಯೋಗ ಖಾನಾಪುರದ ಕಿರಾಣಿ ಅಂಗಡಿಯವರ ಮಗ. ಅವನ ಕಾಲೇಜು ಊರೊಳಗೇ ಇತ್ತು, ಹನ್ನೊಂದಕ್ಕೆ.

“ಡಬ್ಬಿ ನಾ ತರ್ತೀನಿ ಬಿಡಲೇ, ನೀ ಆರಾಮ ಬಸ್ಸಿನ್ಯಾಗ ಹೋಗು,” ಎಂದ ಸುಯೋಗ. ಯಲ್ಲೇಶ ಸೈಕಲ್ಲಿನ ಕೀಲಿ ಕೊಟ್ಟ. ಗಂಟಿನ ಮಾತು ಹೇಳಲಿಲ್ಲ. ನಮ್ಮವ್ವನಿಗೆ ಅಕ್ಷರ ಬರುವುದಿಲ್ಲ, ಗಂಟಿನಲ್ಲೇ ನಮ್ಮ ಪತ್ರವ್ಯವಹಾರ ಎಂದು ಹೇಳಲು ನಾಚಿಕೆಯಾಯಿತು. ಆ ನಾಚಿಕೆಗೆ ಏನೆನ್ನಬೇಕೋ ನನಗಂತೂ ತಿಳಿಯದು.

ಮಂಗಳವಾರದಿಂದ ಮೂರು ದಿನ ಅವನು ಕಿಟಕಿಯ ಬದಿ ಕುಳಿತು, ಒಣಗಿದ ಅಂಗಿಯಲ್ಲಿ, ವೇಳೆಗೆ ಸರಿಯಾಗಿ ತರಗತಿಗೆ ಹೋದ. ಸಂಜೆ ಮರಳಿದರೆ ಬುತ್ತಿ ಗೂಡಿನಲ್ಲಿ ತಟ್ಟೆ ಮುಚ್ಚಿಕೊಂಡು ಕಾಯುತ್ತಿತ್ತು. ಕಟ್ಟಿಯೇ ಇಟ್ಟರೆ ರೊಟ್ಟಿ ಬೆವರುತ್ತವೆಂದು ಸುಯೋಗ ಅರಿವೆ ಬಿಚ್ಚಿ ತೆಗೆದಿಡುತ್ತಿದ್ದ. ಖಾಲಿ ಡಬ್ಬಿ ತೊಳೆದು ಕಟ್ಟಿ ಬಸ್ಸಿಗೆ ಮುಟ್ಟಿಸುವವನೂ ಅವನೇ. ಅಷ್ಟು ಒಳ್ಳೆಯ ಹುಡುಗ.

ಗುರುವಾರ ಪಲ್ಯದಲ್ಲಿ ಉಪ್ಪೇ ಇರಲಿಲ್ಲ. “ಅವ್ವಗ ವಯಸ್ಸಾತು,” ಎಂದು ನಕ್ಕು ಯಲ್ಲೇಶ ಉಂಡು ಮುಗಿಸಿದ.

ಶುಕ್ರವಾರ ತರಗತಿ ಇರಲಿಲ್ಲ. ತಾನೇ ಸೈಕಲ್ ಹತ್ತಿ ನಿಲ್ದಾಣಕ್ಕೆ ಹೋದ. ಬಾಳಪ್ಪ ಡಬ್ಬಿ ಚಾಚಿದ.

ಅರಿವೆಯ ಮೇಲೆ ಎರಡು ಗಂಟುಗಳಿದ್ದವು. ಮೊದಲನೆಯದು ಸಡಿಲ, ಎರಡನೆಯದು ಇನ್ನೂ ಸಡಿಲ, ಕಟ್ಟಿದ ಕೈಯಲ್ಲಿ ಬಲವೇ ಇರಲಿಲ್ಲ.

“ಕಾಕಾ, ಇದು ಯಾವಾಗಿಂದ ಹಿಂಗ ಬರಾಕತ್ತೈತಿ?”

“ಗಂಟೇನು? ಮಂಗಳವಾರದಿಂದ ಹಿಂಗಽ ಐತಿ. ನಿಮ್ಮವ್ವ ಬಸ್ಸಿನ ತನಕ ಬಂದಿಲ್ಲೋ ಯಲ್ಲೇಶಿ. ನಿನ್ನ ತಂಗಿ ತಂದು ಕೊಡಾಕತ್ತಾಳ. ನೀ ಸಿಕ್ಕರ ಕೇಳೂಣು ಅಂದ್ರ ನೀನಽ ಇಲ್ಲ.”

ಯಲ್ಲೇಶ ಸೈಕಲ್ಲನ್ನು ಅಲ್ಲೇ ಗೋಡೆಗೆ ಒರಗಿಸಿ ಬಸ್ಸು ಹತ್ತಿದ. ಕೀಲಿ ಹಾಕಿದ್ದು ನೆನಪಿಲ್ಲ. ಡಬ್ಬಿ ತೊಡೆಯ ಮೇಲೆ ಇತ್ತು, ಇನ್ನೂ ಬೆಚ್ಚಗಿತ್ತು. ಖಾನಾಪುರದಲ್ಲಿ ಬಾಳಪ್ಪ ಚಹಾಕ್ಕೆ ಇಳಿದಾಗ ಅವನನ್ನು ಎಳೆದುಕೊಂಡು ಬರಬೇಕೆನ್ನಿಸಿತು. ಅಲ್ಲಿಂದ ಮುಂದೆ ಹೊಲದ ದಾರಿಯಲ್ಲಿ ಬಸ್ಸು ನಿಂತ ಕಡೆಯೆಲ್ಲ ಅವನು ಸೀಟಿನಿಂದ ಎದ್ದೆದ್ದು ನಿಂತ.

ಮನೆಯ ಮುಂದೆ ಜನ ಸೇರಿದ್ದರು. ಅವನನ್ನು ಕಂಡು ದಾರಿ ಬಿಟ್ಟರು. ಕಾಡವ್ವ ಪಡಸಾಲೆಯಲ್ಲಿ ಮಲಗಿದ್ದಳು. ಹಣೆಯ ತುಂಬ ದೇವರ ಭಂಡಾರದ ಅರಿಷಿಣ ಹಚ್ಚಿದ್ದರು.

ಕಾಂತಾ ಓಡಿ ಬಂದು ಅವನ ಎದೆಗೆ ಬಡಿದಳು. “ಸೋಮವಾರ ರಾತ್ರಿನಽ ಎದಿ ಹಿಡಕೊಂಡ್ಲು ಅಣ್ಣಾ. ಫೋನ್ ಮಾಡ್ತೀನಿ ಅಂದ್ರ ಬ್ಯಾಡ ಅಂದ್ಲು. ‘ಗಂಟು ಕಟ್ಟೀನಿ, ಬರ್ತಾನ’ ಅಂತಿದ್ಲು. ಇವತ್ತೂ ಮಕ್ಕೊಂಡಽ ಕಟ್ಟಿದ್ಲು. ನಾ ಡಬ್ಬಿ ಕೊಟ್ಟು ಬರೂದ್ರಾಗ...”

ಕಾಂತಾ ತಿರುಗಿ ಗೋಡೆಯತ್ತ ಹೋದಳು. ಮೊಳೆಗೆ ನೇತುಹಾಕಿದ್ದ ಖಾಲಿ ಡಬ್ಬಿಯನ್ನು ಇಳಿಸಿ ತಂದು ಅವನ ಕೈಗೆ ಕೊಟ್ಟಳು. ಕಿರಾಣಿ ಅಂಗಡಿಯ ಪೊಟ್ಟಣ ಕಟ್ಟಿ ಪಳಗಿದ ಕೈ ಬಿಗಿದದ್ದು, ಒಂದರ ಮೇಲೊಂದು ಎರಡು ಗಂಟು. ಕಾಡವ್ವ ಅದನ್ನು ಬಿಚ್ಚಗೊಟ್ಟಿರಲಿಲ್ಲ.

“ಮೂರೂ ದಿನ ಬರ್ತೀನಿ ಅಂತ ನೀನಽ ಕಟ್ಟಿ ಕಳಸೀದಿ. ಇದನ್ನ ಓಣ್ಯಾವ್ರಿಗೆಲ್ಲಾ ತೋರಿಸಿ ದಿನಾ ಬಾಗಲಾ ನೋಡಕೋತ ಮಲಗಿದ್ಲು. ಯಾಕ ಬರಲಿಲ್ಲಣ್ಣಾ? ಬಸ್ ತಪ್ಪಿತ್ತೇನು?”

ಯಲ್ಲೇಶ ಅವ್ವನ ಕೈಯನ್ನು ಹಿಡಿದು ಪಕ್ಕದಲ್ಲಿ ಕುಳಿತ.

“ಬಸ್ ತಪ್ಪಿರಲಿಲ್ಲ ತಂಗಿ,” ಎಂದ. “ಬಸ್ ಹತ್ತಿದ್ದಽ ತಪ್ಪಾತು.”