ಬರೆ

ಚಿಕ್ಕಬಸಪ್ಪನಿಗೆ ನಾಲ್ಕು ಬಾಡಿಗೆ ಗಾಡಿ, ಎಂಟು ಎತ್ತು. ಎಂಟರ ಹೆಗಲ ಮೇಲೂ ಹುಣ್ಣು! ನರಸೀಪುರದಿಂದ ನಂಜನಗೂಡಿನ ರೈಲಿಗೆ ಭತ್ತ ಹೊರಬೇಕಾದರೆ ಗಾಡಿಗೆ ಮಹಾರಾಜರ ಸರ್ಕಾರದ ತಗಡಿನ ನಂಬರು ಬೇಕು. ಹುಣ್ಣಾದ ಎತ್ತು ಕಟ್ಟಿದ್ದರೆ ನಂಬರಿಲ್ಲ. ಅದಕ್ಕೇ ವರ್ಷವರ್ಷ ತಪಾಸಣೆಯ ದಿನ ಈ ಸಾಹುಕಾರ, ಬಡ ಗಾಡಿಯವನು ಬೋರಯ್ಯನ ಎತ್ತುಗಳನ್ನು ಎರವಲು ತರುತ್ತಿದ್ದ. ಒಂದು ಗಾಡಿ ತೋರಿಸುವುದು, ತಪಾಸಣೆಯ ದರೋಗ ಪಾಸಾದ ಎತ್ತಿಗೆ ಹಚ್ಚಿದ ಸುಣ್ಣದ ಗುರುತನ್ನು ಹೊಳೆಯಲ್ಲಿ ತೊಳೆಯುವುದು, ಅದೇ ಎತ್ತುಗಳನ್ನು ಮುಂದಿನ ಗಾಡಿಗೆ ಕಟ್ಟುವುದು. ಬೋರಯ್ಯನ ಸ್ವಂತ ಗಾಡಿ ಕೊನೆಗೆ. ಪಾಪ, ಅವನಿಗಿದ್ದದ್ದು ಆ ಒಂದು ಗಾಡಿ, ಆ ಒಂದು ಜೊತೆ ಎತ್ತು. ಸಾಹುಕಾರ ಮೂಟೆ ಹಾಕಿದರೆ ಮನೆಯಲ್ಲಿ ಒಲೆ ಉರಿಯುತ್ತಿತ್ತು.

ಆ ವರ್ಷ ಹೊಸ ದರೋಗ ಬಂದ. ಮೊದಲ ಗಾಡಿಯನ್ನು ಒಂದು ಸುತ್ತು ಹಾಕಿ, "ಪಾಸು. ಬರೆ" ಅಂದ. ಪುಸ್ತಕದಲ್ಲಿ ಬರೆಯುತ್ತಾರೆ ಅಂದುಕೊಂಡು ಬೋರಯ್ಯ ಹಲ್ಲುಕಿರಿದ. ಜವಾನ ಕೆಂಡದೊಳಗಿಂದ ಕಾದ ಕಬ್ಬಿಣ ಎಳೆದು ಬಲಗಡೆಯ ಎತ್ತು ಮಲ್ಲನ ತೊಡೆಗೆ ಒತ್ತಿದ. ಅಯ್ಯೋ, ಆ ಕೂಗು!

"ಸುಣ್ಣ ತೊಳ್ಕೊಂಡು ಬಿಡ್ತೀರಲ್ಲಪ್ಪಾ, ಅದಕ್ಕೆ" ಅಂದ ದರೋಗ, ತಣ್ಣಗೆ.

ಬೋರಯ್ಯ ಸಾಹುಕಾರನ ಹತ್ತಿರ ಓಡಿದ. "ಸಾಕು ಬುದ್ದೀ, ನಿಜ ಯೋಳ್ಬುಡಿ."

"ಬಾಯ್ಬಿಟ್ಟೆಯೋ, ನಾಳೆಯಿಂದ ನಿನ್ನ ಗಾಡಿಗೆ ಒಂದು ಮೂಟೇನೂ ಹಾಕಲ್ಲ. ಬರೆ ಮೇಲೆ ಕೆಸರು ಬಳಿಯೋ ಲೇ!"

ಬಳಿದ. ತನ್ನ ಕೈಯಾರೆ ಬಳಿದ. ಎರಡನೇ ಗಾಡಿಗೆ ಬಂದಾಗ ದರೋಗ ಬೆತ್ತದ ತುದಿಯಿಂದ ಆ ಕೆಸರನ್ನು ಕೆರೆದು ನೋಡಿ ನಕ್ಕ. "ಏನು ಸಾಹುಕಾರ್ರೇ, ನಿಮ್ಮ ಎತ್ತೆಲ್ಲ ಒಂದೇ ಅಚ್ಚು!" ಗೊತ್ತಿತ್ತು ಆ ಪಾಪಿಗೆ, ಎಲ್ಲ ಗೊತ್ತಿತ್ತು. "ಪಾಸು. ಬರೆ."

ಮೂರನೆಯದಕ್ಕೂ ಬರೆ. ನಾಲ್ಕನೆಯದಕ್ಕೂ ಬರೆ. ಸಾಹುಕಾರ ನಾಲ್ಕು ತಗಡನ್ನೂ ಶಲ್ಯದಲ್ಲಿ ಒರೆಸಿ ಕಂಕುಳಿಗೆ ಸೇರಿಸಿಕೊಂಡ. ಮಲ್ಲನ ಹಗ್ಗ ಹಿಡಿದಿದ್ದ ಬೋರಯ್ಯ ತನ್ನನ್ನೇ ಶಪಿಸಿಕೊಳ್ಳುತ್ತ ಅಳುತ್ತಿದ್ದ.

ಕೊನೆಗೆ ಅವನ ಗಾಡಿ ಬಂತು. ಮಲ್ಲ ಹಿಂಗಾಲು ಊರಲಾರದೆ ನಡುಗುತ್ತಿತ್ತು. ದರೋಗ ಅದರ ತೊಡೆಯನ್ನೇ ನೋಡುತ್ತ, "ಬರೆ" ಅಂದ.

"ಬ್ಯಾಡಿ ಸ್ವಾಮೀ!" ಅಂತ ಬೋರಯ್ಯ ಎತ್ತಿಗೆ ಅಡ್ಡ ನಿಂತ.

ಜವಾನ ಕಬ್ಬಿಣ ಮುಟ್ಟಲಿಲ್ಲ. ಪುಸ್ತಕ ಬಿಚ್ಚಿದ, ಲೇಖನಿ ಅದ್ದಿದ.

"ಎತ್ತಿನ ಮೈಮೇಲೆ ಹುಣ್ಣು. ನಂಬರಿಲ್ಲ" ಅಂದ ದರೋಗ. ಜವಾನ ಬರೆದುಕೊಂಡ.

ಬೋರಯ್ಯ ಸಾಹುಕಾರನ ಕಾಲು ಹಿಡಿದ.

"ನಂಬರಿಲ್ಲದ ಗಾಡಿಗೆ ಹೆಂಗೋ ಮೂಟೆ ಹಾಕಲಿ, ಬೋರಾ?" ಅಂದ ಚಿಕ್ಕಬಸಪ್ಪ, ಕಾಲು ಬಿಡಿಸಿಕೊಳ್ಳುತ್ತ. "ಕಾನೂನು ಕಣೋ."